ಆನ್‌ಲೈನ್ ಪರೀಕ್ಷೆ: ವಿವಿಗಳು ಹೇಗೆ ನಡೆಸುತ್ತವೆ, ಮಕ್ಕಳು, ಪೋಷಕರು, ಸೈಬರ್ ಅಂಗಡಿಯವರು ಏನು ತಿಳಿದಿರಬೇಕು?

ಗೊರಗುಂಟೆಪಾಳ್ಯ: ತುಮಕೂರು ರಸ್ತೆ ಮತ್ತು ಹೊರವರ್ತುಲ ರಸ್ತೆ ಸೇರುವ ಈ ಭಾಗದಿಂದ ಕಾಲೇಜಿಗೆ ಹೋಗುವ ಮಕ್ಕಳು ದಿಕ್ಕಿಗೊಬ್ಬರು. ಪೀಣ್ಯದಲ್ಲೇ ರಾಮಯ್ಯ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಹೆಬ್ಬಾಳದ ಕಡೆ ಹೋದರೆ ಕೃಷಿ ವಿವಿ, ಯಲಹಂಕ ದಾಟಿದರೆ ರೇವಾ. ಎಲ್ಲಿ ಓದಿದರೂ ಈಗ ವರ್ಷಕ್ಕೆ ಒಂದಲ್ಲ ಒಂದು ಪರೀಕ್ಷೆಯನ್ನ ಕಂಪ್ಯೂಟರ್ ಮುಂದೆ ಕೂತು ಬರೆಯಲೇಬೇಕು. ಆದರೆ 'ಆನ್‌ಲೈನ್ ಎಕ್ಸಾಮ್' ಅಂತ ಮಕ್ಕಳು ಮನೆಯಲ್ಲಿ ಹೇಳಿದಾಗ ಅದು ಯಾವ ತರಹದ್ದು ಅನ್ನೋದು ಎಷ್ಟೋ ಪೋಷಕರಿಗೆ ಗೊತ್ತಾಗೋದಿಲ್ಲ. ಗೊತ್ತಿಲ್ಲದೆ ಹೋದರೆ ಒಂದು ಸೆಮಿಸ್ಟರ್, ಕೆಲವೊಮ್ಮೆ ಒಂದು ವರ್ಷವೇ ಕೈತಪ್ಪುತ್ತೆ.

ಹೆಸರು ಒಂದೇ, ವ್ಯವಸ್ಥೆ ನಾಲ್ಕು

ಮೊದಲನೆಯದು ಮನೆಯಲ್ಲೇ ಕೂತು, ಕ್ಯಾಮೆರಾ ಆನ್ ಮಾಡಿ ಬರೆಯುವ ಪರೀಕ್ಷೆ. ಎರಡನೆಯದು ನಿಗದಿ ಮಾಡಿದ ಕೇಂದ್ರಕ್ಕೆ ಹೋಗಿ ಅಲ್ಲಿನ ಕಂಪ್ಯೂಟರ್‌ನಲ್ಲಿ ಬರೆಯೋದು. ಎಂಜಿನಿಯರಿಂಗ್ ಪ್ರವೇಶದ ಕಾಮೆಡ್-ಕೆ ಪರೀಕ್ಷೆ ನಡೆಯೋದು ಹೀಗೆ. ಮೂರನೆಯದರಲ್ಲಿ ಪ್ರಶ್ನೆಪತ್ರಿಕೆ ಡೌನ್‌ಲೋಡ್ ಮಾಡಿಕೊಂಡು, ಪುಸ್ತಕ ನೋಡಿಕೊಂಡೇ ಕಾಗದದ ಮೇಲೆ ಬರೆದು, ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಬೇಕು. 2020ರ ಆಗಸ್ಟ್‌ನಲ್ಲಿ ದೆಹಲಿ ವಿವಿ ಅಂತಿಮ ವರ್ಷದವರಿಗೆ ನಡೆಸಿದ್ದು ಇದನ್ನ. ಅಲ್ಲಿ ಬರೆಯೋ ಸಮಯ ಬೇರೆ, ಅಪ್‌ಲೋಡ್ ಸಮಯ ಬೇರೆ ಇತ್ತು.

ನಾಲ್ಕನೆಯದು ವಿದ್ಯಾರ್ಥಿಗೆ ಕಾಣಿಸೋದೇ ಇಲ್ಲ. ವಿಟಿಯು ಮತ್ತು ರಾಜೀವ್ ಗಾಂಧಿ ಆರೋಗ್ಯ ವಿವಿಯಲ್ಲಿ ಪರೀಕ್ಷೆ ಪೆನ್ನು-ಪೇಪರಿನದ್ದೇ. ಆದರೆ ಪ್ರಶ್ನೆಪತ್ರಿಕೆ ಕಾಲೇಜಿಗೆ ಇಂಟರ್ನೆಟ್ ಮೂಲಕ ಬರುತ್ತೆ, ಉತ್ತರ ಪತ್ರಿಕೆಯನ್ನ ಸ್ಕ್ಯಾನ್ ಮಾಡಿ ಮೌಲ್ಯಮಾಪಕರು ಪರದೆ ಮೇಲೆ ತಿದ್ದುತ್ತಾರೆ. ತಿಳಿ ಪೆನ್ಸಿಲ್‌ನಲ್ಲಿ ಬರೆದದ್ದು, ಅಂಚಿಗೆ ಒತ್ತಿ ಬರೆದದ್ದು ಸ್ಕ್ಯಾನ್‌ನಲ್ಲಿ ಮಸುಕಾಗಬಹುದು ಅನ್ನೋದಷ್ಟೇ ಇಲ್ಲಿ ವಿದ್ಯಾರ್ಥಿ ಗಮನಿಸಬೇಕಾದ ವಿಷಯ.

ರಿಂಗ್ ರಸ್ತೆಯ ಆ ತುದಿಯ ಪಾಠ

ಮನೆಯಿಂದ ಬರೆಯೋ ಪರೀಕ್ಷೆ ಎಷ್ಟು ನಾಜೂಕು ಅನ್ನೋದಕ್ಕೆ ಬೆಂಗಳೂರಿನದ್ದೇ ಉದಾಹರಣೆ ಇದೆ. ಗೊರಗುಂಟೆಪಾಳ್ಯದಿಂದ ಇದೇ ರಿಂಗ್ ರಸ್ತೆಯಲ್ಲಿ ಸುಮನಹಳ್ಳಿ ದಾಟಿದರೆ ಸಿಗುವ ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ವಿಶ್ವವಿದ್ಯಾಲಯವಿದೆ. 2020ರಲ್ಲಿ ಕೋವಿಡ್‌ನಿಂದಾಗಿ ದೇಶದ ಕಾನೂನು ವಿವಿಗಳ ಸಾಮಾನ್ಯ ಪ್ರವೇಶ ಪರೀಕ್ಷೆ 'ಕ್ಲಾಟ್' ಮತ್ತೆ ಮತ್ತೆ ಮುಂದಕ್ಕೆ ಹೋಗಿ ಸೆಪ್ಟೆಂಬರ್ 28ಕ್ಕೆ ನಿಂತಿತ್ತು. ಈ ವಿವಿಯಲ್ಲಿ ವರ್ಷಕ್ಕೆ ಮೂರು ಅವಧಿಯ ಪಾಠಕ್ರಮ. ತಡವಾದರೆ ಒಂದು ವರ್ಷವೇ ಖಾಲಿ ಹೋಗುತ್ತೆ ಅಂತ ವಿವಿ 'ಎನ್‌ಲ್ಯಾಟ್' ಹೆಸರಿನಲ್ಲಿ ತನ್ನದೇ ಪರೀಕ್ಷೆ ಘೋಷಿಸಿತು.

ಘೋಷಣೆ ಆಗಿದ್ದು ಸೆಪ್ಟೆಂಬರ್ ಮೊದಲ ವಾರ, ಪರೀಕ್ಷೆ ಸೆಪ್ಟೆಂಬರ್ 12ಕ್ಕೆ. ಮಧ್ಯೆ ಸಿಕ್ಕಿದ್ದು ಹತ್ತು ದಿನಕ್ಕೂ ಕಡಿಮೆ. 45 ನಿಮಿಷದಲ್ಲಿ 40 ಪ್ರಶ್ನೆ, ಮನೆಯಿಂದಲೇ, ಕ್ಯಾಮೆರಾ ಕಣ್ಗಾವಲಿನಲ್ಲಿ. ಮೊದಲು ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್ ಇರಲೇಬೇಕು ಅಂದ ವಿವಿ, ಆಕ್ಷೇಪ ಬಂದ ಮೇಲೆ ಮೊಬೈಲ್‌ಗೂ ಅವಕಾಶ ಕೊಟ್ಟಿತು. ಪರೀಕ್ಷೆ ದಿನ ಹಲವರಿಗೆ ಲಾಗಿನ್ ಆಗಲಿಲ್ಲ. ಪ್ರಶ್ನೆಗಳು ಹೊರಗೆ ಹರಿದಾಡಿದವು ಅನ್ನೋ ಆರೋಪವೂ ಬಂತು. ತಾಂತ್ರಿಕ ತೊಂದರೆ ಆದವರಿಗೆ ಸೆಪ್ಟೆಂಬರ್ 14ರಂದು ಮರುಪರೀಕ್ಷೆ ನಡೆಯಿತು.

ಅಷ್ಟರಲ್ಲಿ ವಿಷಯ ಸುಪ್ರೀಂ ಕೋರ್ಟ್‌ನಲ್ಲಿತ್ತು. ಅರ್ಜಿ ಹಾಕಿದವರು ಒಬ್ಬ ಪೋಷಕರು ಮತ್ತು ಅದೇ ವಿವಿಯ ಮಾಜಿ ಕುಲಪತಿ ಆರ್. ವೆಂಕಟರಾವ್. ಸೆಪ್ಟೆಂಬರ್ 21ರಂದು ಕೋರ್ಟ್ ಎನ್‌ಲ್ಯಾಟ್ ಅಧಿಸೂಚನೆಯನ್ನೇ ರದ್ದು ಮಾಡಿ, ಕ್ಲಾಟ್ ಮೂಲಕವೇ ಪ್ರವೇಶ ಕೊಡಬೇಕು ಅಂತ ಆದೇಶಿಸಿತು. ಕ್ಲಾಟ್ ಒಕ್ಕೂಟದ ಸದಸ್ಯನಾಗಿದ್ದುಕೊಂಡು ಪ್ರತ್ಯೇಕ ಪರೀಕ್ಷೆ ನಡೆಸುವಂತಿರಲಿಲ್ಲ ಅನ್ನೋದು ಒಂದು ಕಾರಣ. ಮನೆಯಿಂದ ಬರೆಯುವ ಈ ಪರೀಕ್ಷೆಯಲ್ಲಿ ಎಲ್ಲರಿಗೂ ಸಮಾನ ಅವಕಾಶವಾಗಲಿ, ಪಾರದರ್ಶಕತೆಯಾಗಲಿ ಖಾತರಿ ಇರಲಿಲ್ಲ ಅನ್ನೋದು ಇನ್ನೊಂದು. ಕ್ಲಾಟ್ ಸೆಪ್ಟೆಂಬರ್ 28ರಂದು ಕೇಂದ್ರಗಳಲ್ಲೇ, ಕಂಪ್ಯೂಟರ್ ಮೇಲೆ ನಡೆಯಿತು.

ದೇಶದಲ್ಲೇ ಹೆಸರಾದ ಕಾನೂನು ವಿವಿಗೇ ಕ್ಯಾಮೆರಾ, ಸಾಫ್ಟ್‌ವೇರ್ ಎರಡೂ ಕೈಕೊಟ್ಟವು ಅಂದ್ರೆ ತೊಂದರೆ ಕ್ಯಾಮೆರಾದ್ದಲ್ಲ. ಮಕ್ಕಳ ಮನೆಯಲ್ಲಿ ಯಾವ ಫೋನಿದೆ, ನೆಟ್ ಎಷ್ಟು ಸಿಗುತ್ತೆ ಅಂತ ಮೊದಲೇ ನೋಡದೆ ದಿನಾಂಕ ಗೊತ್ತುಮಾಡಿದರೆ ಆಗೋದು ಇದೇ.

ಒಳಗಡೆ ಏನೇನು ಸಿದ್ಧವಾಗಬೇಕು

ತರಗತಿಯ ಕಿರುಪರೀಕ್ಷೆ, ಆಂತರಿಕ ಅಂಕಗಳಿಗೆ ಹಲವು ಕಾಲೇಜುಗಳು ಬಳಸೋದು 'ಮೂಡಲ್' ಅನ್ನೋ ಉಚಿತ ತಂತ್ರಾಂಶ. 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಇದು ಕನ್ನಡದ ಹಾಡು ಮೂಡಲ್ ಅಲ್ಲ, ಹೆಸರು ಕಾಕತಾಳೀಯ. ಇದರಲ್ಲಿ ಪರೀಕ್ಷೆ ಕಟ್ಟೋದು ಪ್ರಶ್ನೆ ಬ್ಯಾಂಕ್‌ನಿಂದ ಶುರು. 40 ಪ್ರಶ್ನೆಯ ಪತ್ರಿಕೆಗೆ 200 ಪ್ರಶ್ನೆ ಹಾಕಿಟ್ಟರೆ ಒಬ್ಬೊಬ್ಬರಿಗೆ ಒಂದೊಂದು ತರಹದ ಪತ್ರಿಕೆ ಬರುತ್ತೆ. ನಕಲು ತಡೆಯೋಕೆ ಕ್ಯಾಮೆರಾಗಿಂತ ಇದೇ ಹೆಚ್ಚು ಕೆಲಸ ಮಾಡುತ್ತೆ. ಆದರೆ ಸುಲಭ, ಮಧ್ಯಮ, ಕಷ್ಟ ಅಂತ ವಿಂಗಡಿಸದೆ ಹಾಗೇ ಕಲಸಿಬಿಟ್ಟರೆ ಒಬ್ಬನಿಗೆ ಎಲ್ಲಾ ಸುಲಭದ್ದು, ಪಕ್ಕದವಳಿಗೆ ಎಲ್ಲಾ ಕಷ್ಟದ್ದು ಬಂದು ಕೂರುತ್ತೆ. ಪ್ರಶ್ನೆ ವಿಂಗಡಿಸೋ ಈ ಕೆಲಸಕ್ಕೆ ಅಧ್ಯಾಪಕರ ವಾರಗಟ್ಟಲೆ ಸಮಯ ಬೇಕು. ಅವಸರದಲ್ಲಿ ಮೊದಲು ಬಿಟ್ಟುಹೋಗೋದೂ ಇದೇ.

ಸಮಯದ ವಿಷಯದಲ್ಲಿ ಮಕ್ಕಳು ಹೆಚ್ಚು ಎಡವುತ್ತಾರೆ. ಪರೀಕ್ಷೆ ಬೆಳಗ್ಗೆ 10ರಿಂದ 12ರವರೆಗೆ ತೆರೆದಿರುತ್ತೆ, ಅವಧಿ 1 ಗಂಟೆ ಅಂತ ಇಟ್ಟುಕೊಳ್ಳಿ. 11.30ಕ್ಕೆ ಶುರು ಮಾಡಿದವರಿಗೆ ಒಂದು ಗಂಟೆ ಸಿಗೋದಿಲ್ಲ. 12ಕ್ಕೆ ಬಾಗಿಲು ಮುಚ್ಚುತ್ತೆ, ಸಿಗೋದು ಅರ್ಧ ಗಂಟೆ ಮಾತ್ರ. ಹಾಗಂತ ಎಲ್ಲರೂ 10 ಗಂಟೆ ಹೊಡೆದ ಕೂಡಲೇ ಒತ್ತಿದರೆ ಸರ್ವರ್ ತಡವರಿಸುತ್ತೆ. ಅನುಭವ ಇರುವ ಕಾಲೇಜುಗಳು ಬ್ಯಾಚ್‌ಗೊಂದು ಸಮಯ ಕೊಡುತ್ತವೆ, ವಾರ ಮೊದಲೇ ಅದೇ ಫೋನು, ಅದೇ ನೆಟ್‌ನಲ್ಲಿ ಅಣಕು ಪರೀಕ್ಷೆ ಮಾಡಿಸುತ್ತವೆ. ಅಣಕು ಪರೀಕ್ಷೆಗೆ ಅಂಕ ಇಲ್ಲ ಅಂತ ತಪ್ಪಿಸಿಕೊಳ್ಳೋ ಮಕ್ಕಳೇ ಪರೀಕ್ಷೆ ದಿನ ಪಾಸ್‌ವರ್ಡ್ ಹುಡುಕುತ್ತಾ ಕೂರೋದು.

ಮಧ್ಯೆ ನೆಟ್ ಹೋದರೆ? ಉತ್ತರಗಳು ಆಗಾಗ ತಾನಾಗೇ ಸೇವ್ ಆಗುವಂತೆ ವ್ಯವಸ್ಥೆ ಇರುತ್ತೆ, ಮತ್ತೆ ಲಾಗಿನ್ ಆದರೆ ನಿಂತಲ್ಲಿಂದ ಮುಂದುವರಿಸಬಹುದು. ಆದರೆ ಗಡಿಯಾರ ನಿಲ್ಲೋದಿಲ್ಲ. ಕಳೆದ ಸಮಯವನ್ನ ಒಬ್ಬ ವಿದ್ಯಾರ್ಥಿಗೆ ಮಾತ್ರ ಸೇರಿಸಿಕೊಡೋ ಸೌಲಭ್ಯ ತಂತ್ರಾಂಶದಲ್ಲಿ ಇದೆ. ಕೊಡಬೇಕೋ ಬೇಡವೋ ಅನ್ನೋದು ಕಾಲೇಜಿನ ನಿಯಮ. ಆ ನಿಯಮ ಪರೀಕ್ಷೆಗೆ ಮುಂಚೆ ಬರಹದಲ್ಲಿ ಇದೆಯಾ ಅಂತ ಪೋಷಕರು ಕೇಳಬಹುದು, ಕೇಳಬೇಕು ಕೂಡ.

ಕೇಂದ್ರದಲ್ಲಿ ಬರೆಯೋ ಎನ್‌ಪಿಟಿಇಎಲ್

ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿಗಳು ಸೇರಿ ನಡೆಸೋ ಎನ್‌ಪಿಟಿಇಎಲ್ ಕೋರ್ಸ್‌ಗಳನ್ನ ಈಗ ಎಂಜಿನಿಯರಿಂಗ್ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಮಾಡುತ್ತಾರೆ. ಯುಜಿಸಿ 2021ರ ನಿಯಮದಂತೆ ಒಂದು ಸೆಮಿಸ್ಟರ್‌ನ ಶೇ 40ರಷ್ಟು ಕೋರ್ಸ್‌ಗಳನ್ನ 'ಸ್ವಯಂ' ವೇದಿಕೆಯಲ್ಲಿ ಮಾಡಲು ವಿವಿಗಳು ಒಪ್ಪಬಹುದು. ಇಲ್ಲಿ ಪಾಠ, ವಾರದ ಅಸೈನ್‌ಮೆಂಟ್ ಎರಡೂ ಮನೆಯಲ್ಲೇ. ಅಂತಿಮ ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಬೇಕು.

ಅಂಕದ ಲೆಕ್ಕ ಹೀಗಿದೆ: ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75. 12 ವಾರದ ಕೋರ್ಸ್‌ನಲ್ಲಿ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟ್ ಲೆಕ್ಕಕ್ಕೆ ಬರುತ್ತೆ. ಪ್ರಮಾಣಪತ್ರ ಬೇಕಾದರೆ 25ಕ್ಕೆ 10, 75ಕ್ಕೆ 30 ಎರಡೂ ಬರಲೇಬೇಕು. ಅಸೈನ್‌ಮೆಂಟ್‌ನಲ್ಲಿ 25ಕ್ಕೆ 25 ತೆಗೆದು ಪರೀಕ್ಷೆಯಲ್ಲಿ 29 ಬಂದರೆ ಒಟ್ಟು 54, ಆದರೂ ಪ್ರಮಾಣಪತ್ರ ಇಲ್ಲ. ಗೆಳೆಯರ ವಾಟ್ಸ್‌ಆ್ಯಪ್‌ ಗುಂಪಿನಲ್ಲಿ ಬಂದ ಉತ್ತರ ಒತ್ತಿ ಅಸೈನ್‌ಮೆಂಟ್ ಮುಗಿಸಿದವರು ಸಿಕ್ಕಿಬೀಳೋದು ಇಲ್ಲೇ. ಕೋರ್ಸ್‌ಗೆ ಸೇರೋದು ಉಚಿತ, ಪರೀಕ್ಷೆಗೆ ಬೇರೆಯಾಗಿ ನೋಂದಣಿ, ಬೇರೆ ಶುಲ್ಕ. ಕೋರ್ಸ್‌ಗೆ ಸೇರಿಬಿಟ್ಟರೆ ಸಾಕು ಅಂದುಕೊಂಡು ಪರೀಕ್ಷೆ ನೋಂದಣಿ ದಿನಾಂಕ ಕಳೆದುಕೊಳ್ಳೋರೂ ಇದ್ದಾರೆ.

ಈ ಪರೀಕ್ಷೆಗಳು ಬರೋದು ಸಾಮಾನ್ಯವಾಗಿ ಶನಿವಾರ, ಭಾನುವಾರ. ಗೇಟ್ ಮುಚ್ಚಿದ ಮೇಲೆ ಬಿಡೋದಿಲ್ಲ. ಗೊರಗುಂಟೆಪಾಳ್ಯ ಸಿಗ್ನಲ್ ನಂಬಿ ಬೈಕ್ ತೆಗೆಯೋದಕ್ಕಿಂತ ಹಸಿರು ಮಾರ್ಗದ ಮೆಟ್ರೊ ವಾಸಿ. ಆದರೆ ಭಾನುವಾರ ಮೊದಲ ರೈಲು ಉಳಿದ ದಿನಗಳಿಗಿಂತ ತಡ ಅನ್ನೋದು ನೆನಪಿರಲಿ.

ಸೈಬರ್, ಜೆರಾಕ್ಸ್ ಅಂಗಡಿಯವರ ಪಾಲು

ಅರ್ಜಿ ತುಂಬೋಕೆ, ಹಾಲ್ ಟಿಕೆಟ್ ತೆಗೆಯೋಕೆ ಮಕ್ಕಳು ಬರೋದು ಅಂಗಡಿಗೇ. ಅಂಗಡಿಯವರು ಒಳ್ಳೆ ಮನಸ್ಸಿನಿಂದಲೇ ಮಾಡೋ ಒಂದು ಕೆಲಸ ಮಕ್ಕಳಿಗೆ ದುಬಾರಿಯಾಗುತ್ತೆ: ಅರ್ಜಿಯಲ್ಲಿ ಅಂಗಡಿಯ ಮೊಬೈಲ್ ನಂಬರ್, ಅಂಗಡಿಯ ಇಮೇಲ್ ಹಾಕೋದು. ಮುಂದೆ ಒಟಿಪಿ, ಕೇಂದ್ರ ಬದಲಾದ ಸಂದೇಶ, ಮರುಪರೀಕ್ಷೆ ಸುದ್ದಿ ಎಲ್ಲಾ ಆ ನಂಬರ್‌ಗೇ ಬರುತ್ತೆ. ಅಂಗಡಿ ಮುಚ್ಚಿದ್ದರೆ ಹುಡುಗನಿಗೆ ಹಾಲ್ ಟಿಕೆಟ್ಟೂ ಸಿಗೋದಿಲ್ಲ. ವಿದ್ಯಾರ್ಥಿಯದ್ದೇ ನಂಬರ್, ವಿದ್ಯಾರ್ಥಿಯದ್ದೇ ಇಮೇಲ್ ಹಾಕಿಸಬೇಕು. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಿ, ಡೌನ್‌ಲೋಡ್ ಆದ ಆಧಾರ್ ಪ್ರತಿ ಅಳಿಸಬೇಕು.

ಮನೆಯಲ್ಲಿ ನೆಟ್ ಇಲ್ಲ ಅಂತ ಕ್ಯಾಮೆರಾ ಪರೀಕ್ಷೆಯನ್ನ ಅಂಗಡಿಯಲ್ಲೇ ಬರೆಯಲು ಬರುವವರೂ ಇದ್ದಾರೆ. ಹಿಂದೆ ಗಿರಾಕಿ ಓಡಾಡಿದರೆ, ಪಕ್ಕದಲ್ಲಿ ಮಾತು ಕೇಳಿಸಿದರೆ ತಂತ್ರಾಂಶ ಅದನ್ನ ಅನುಮಾನ ಅಂತ ಗುರುತು ಹಾಕುತ್ತೆ. ಬಾಗಿಲು ಹಾಕಿಕೊಳ್ಳೋ ಕೋಣೆ ಮತ್ತು ಯುಪಿಎಸ್ ಇಲ್ಲದಿದ್ದರೆ ಅಂಥ ಪರೀಕ್ಷೆಗೆ ಒಪ್ಪಿಕೊಳ್ಳದಿರೋದೇ ಒಳ್ಳೇದು. ಕಾಲೇಜಿನ ಲ್ಯಾಬ್‌ನಲ್ಲೇ ಬರೆಯಲು ಅವಕಾಶ ಕೊಡಿ ಅಂತ ವಿದ್ಯಾರ್ಥಿ ಮೊದಲೇ ಬರೆದು ಕೇಳಬಹುದು.

ತೊಂದರೆ ಆದರೆ

ಕರೆಂಟ್ ಹೋದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಕೊಟ್ಟು ದೂರು ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಆ ಹೊತ್ತಿನಲ್ಲಿ ಕರೆಂಟ್ ಇರಲಿಲ್ಲ ಅನ್ನೋದಕ್ಕೆ ಅದು ದಾಖಲೆ. ಪರದೆ ಮೇಲೆ ದೋಷದ ಸಂದೇಶ ಬಂದರೆ ಗಡಿಯಾರ ಕಾಣುವಂತೆ ಫೋಟೊ ಬೇಕು. ಆದರೆ ಕ್ಯಾಮೆರಾ ಪರೀಕ್ಷೆಯಲ್ಲಿ ಕೈಗೆ ಫೋನ್ ತೆಗೆದುಕೊಂಡರೆ ಅದೇ ತಪ್ಪಾಗಬಹುದು, ಹಾಗಾಗಿ ನಿಯಮ ಏನಂತ ಮೊದಲೇ ಓದಿರಬೇಕು. ದೂರನ್ನ ಅದೇ ದಿನ, ಇಮೇಲ್‌ನಲ್ಲಿ, ನೋಂದಣಿ ಸಂಖ್ಯೆ ಮತ್ತು ಸಮಯದ ಸಮೇತ ಕಳಿಸಬೇಕು. ಯಾರು ಯಾವಾಗ ಲಾಗಿನ್ ಆದರು, ಯಾವ ಪ್ರಶ್ನೆಗೆ ಯಾವಾಗ ಉತ್ತರಿಸಿದರು ಅನ್ನೋದು ಸರ್ವರ್‌ನಲ್ಲಿ ದಾಖಲಾಗಿರುತ್ತೆ. ಆ ದಾಖಲೆ ನೋಡಿ ತೀರ್ಮಾನಿಸಿ ಅಂತ ದೂರಿನಲ್ಲಿ ಕೇಳೋದು ಬರೀ 'ನೆಟ್ ಇರಲಿಲ್ಲ ಸರ್' ಅನ್ನೋದಕ್ಕಿಂತ ಹೆಚ್ಚು ತೂಗುತ್ತೆ.

ಅಂಗವಿಕಲ ವಿದ್ಯಾರ್ಥಿಗಳ ವಿಷಯ ಬೇರೆ. ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯ ಇದ್ದು ಬರಹಗಾರರ ನೆರವು ಪಡೆಯಲು ಅರ್ಹರಾದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಅಂತ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತ್ತು. ಆನ್‌ಲೈನ್ ಪರೀಕ್ಷೆಯಲ್ಲಿ ಇದು ತಾನಾಗೇ ಬರೋದಿಲ್ಲ, ಪ್ರತಿ ವಿದ್ಯಾರ್ಥಿಯ ಹೆಸರಿಗೂ ಕಾಲೇಜಿನವರು ಸಮಯ ಹೊಂದಿಸಿಡಬೇಕು. ಪ್ರಮಾಣಪತ್ರದ ಪ್ರತಿಯನ್ನ ಅರ್ಜಿ ತುಂಬುವಾಗಲೇ ಲಗತ್ತಿಸಿ, ಅಣಕು ಪರೀಕ್ಷೆಯ ದಿನ ಪರದೆಯ ಗಡಿಯಾರದಲ್ಲಿ ಹೆಚ್ಚುವರಿ ನಿಮಿಷ ಕಾಣಿಸುತ್ತಿದೆಯಾ ಅಂತ ನೋಡಿಕೊಳ್ಳಬೇಕು.