‘ಪರ್ಸನ್’ ಪದದ ಚರಿತ್ರೆ ಮತ್ತು ನಮ್ಮ ‘ವ್ಯಕ್ತಿ’

ತ್ರಿತ್ವದ ಭಾನುವಾರದಂದು ನಾವು ಬೋಧನಾಪೀಠದಿಂದ ‘ಒಬ್ಬರೇ ದೇವರು, ಮೂವರು ವ್ಯಕ್ತಿಗಳು’ ಎಂದು ಸಾರುತ್ತೇವೆ. ಆದರೆ ಕೇಳುವ ಭಕ್ತರ ಕಿವಿಯಲ್ಲಿ ‘ವ್ಯಕ್ತಿ’ ಎಂಬ ಪದವು ಆ ವೇಳೆಗಾಗಲೇ ಬೇರೆ ಬೇರೆ ಕಡೆಗಳಿಂದ ಅರ್ಥ ತುಂಬಿಕೊಂಡಿರುತ್ತದೆ: ವೃತ್ತಪತ್ರಿಕೆಯ ‘ಅಪರಿಚಿತ ವ್ಯಕ್ತಿ’, ನ್ಯಾಯಾಲಯದ ‘ಕಾನೂನಾತ್ಮಕ ವ್ಯಕ್ತಿ’, ಮನಶ್ಶಾಸ್ತ್ರದ ‘ವ್ಯಕ್ತಿತ್ವ’. ಈ ಆಧುನಿಕ ಬಳಕೆಗಳ ಹಿಂದೆ ನಿಂತಿರುವುದು ಇಂಗ್ಲಿಷಿನ ‘ಪರ್ಸನ್’. ದೈವಶಾಸ್ತ್ರವನ್ನು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಪ್ರಬೋಧನೆ ಮಾಡುವ ನಮಗೆ ಈ ಪದದ ಚರಿತ್ರೆ ಕೇವಲ ಪಾಂಡಿತ್ಯದ ಕುತೂಹಲವಲ್ಲ. ಭಕ್ತರು ಮೂವರು ದೇವರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಮರಳುತ್ತಾರೆಯೇ ಎಂಬುದು ಇದರ ಮೇಲೆ ನಿಂತಿದೆ.

ಇಂಗ್ಲಿಷ್ ಪದವು ಹಳೆಯ ಫ್ರೆಂಚಿನ ಮೂಲಕ ಬಂದದ್ದು. ಅದರ ತಾಯಿ ಲತೀನಿನ ‘ಪೆರ್ಸೋನಾ’, ಅಂದರೆ ರಂಗದ ಮೇಲೆ ನಟನು ಧರಿಸುವ ಮುಖವಾಡ. ಮುಖವಾಡದ ಬಾಯಿಯ ಮೂಲಕ ಧ್ವನಿ ಮೊಳಗುವುದರಿಂದ ‘ಮೂಲಕ’ ಮತ್ತು ‘ಧ್ವನಿಸು’ ಎಂಬರ್ಥದ ಎರಡು ಶಬ್ದಗಳು ಸೇರಿ ಇದು ಹುಟ್ಟಿತೆಂದು ಗಾವಿಯುಸ್ ಬಾಸ್ಸುಸ್ ವಿವರಿಸಿದ್ದನ್ನು ಎರಡನೆಯ ಶತಮಾನದ ಔಲುಸ್ ಗೆಲ್ಲಿಯುಸ್ ದಾಖಲಿಸಿದ್ದಾನೆ. ಸುಂದರವಾದ ವಿವರಣೆ, ಆದರೆ ಸ್ವರದ ಹ್ರಸ್ವ-ದೀರ್ಘಗಳು ಹೊಂದುವುದಿಲ್ಲವೆಂದು ಇಂದಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ಇಟಲಿಯ ತಾರ್ಕ್ವಿನಿಯಾದ ಎತ್ರುಸ್ಕನ್ ಗೋರಿಯೊಂದರ ಭಿತ್ತಿಚಿತ್ರದಲ್ಲಿ ಮುಖವಾಡ ಧರಿಸಿದವನೊಬ್ಬನ ಪಕ್ಕದಲ್ಲಿ ‘ಫೆರ್ಸು’ ಎಂದು ಬರೆದಿರುವುದರಿಂದ ಪದದ ಬೇರು ಅಲ್ಲಿರಬಹುದೆಂದು ಅನೇಕರು ಊಹಿಸುತ್ತಾರೆ.

ಮುಖವಾಡದಿಂದ ಪಾತ್ರ, ಪಾತ್ರದಿಂದ ಸಮಾಜದಲ್ಲಿ ಒಬ್ಬನು ವಹಿಸುವ ಸ್ಥಾನ: ಹೀಗೆ ಅರ್ಥ ಬೆಳೆಯಿತು. ಸಿಸೆರೋನ ವಾಗ್ಮಿತೆಯ ಗ್ರಂಥದಲ್ಲಿ ವಕೀಲನೊಬ್ಬನು ಮೊಕದ್ದಮೆಗೆ ಸಿದ್ಧನಾಗುವಾಗ ತನ್ನ, ಎದುರಾಳಿಯ ಮತ್ತು ನ್ಯಾಯಾಧೀಶನ ಮೂರು ‘ಪೆರ್ಸೋನಾ’ಗಳನ್ನು ತಾನೊಬ್ಬನೇ ವಹಿಸುವೆನೆನ್ನುತ್ತಾನೆ. ಒಬ್ಬನೇ, ಮೂರು ಪಾತ್ರಗಳು! ಮುಂದೆ ಸಬೆಲ್ಲಿಯುಸನ ಹೆಸರಿನಲ್ಲಿ ಧರ್ಮಸಭೆ ಖಂಡಿಸಿದ ತಪ್ಪು ಬೋಧನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಹಾಗಾದರೆ ಇಂಥ ಅಪಾಯಕಾರಿ ಪದವನ್ನು ಧರ್ಮಸಭೆ ಏಕೆ ಆರಿಸಿಕೊಂಡಿತು?

ತೆರ್ತುಲಿಯನ್ ಕಾನೂನು ಬಲ್ಲವನು, ಆದ್ದರಿಂದ ಅದನ್ನು ನ್ಯಾಯಶಾಸ್ತ್ರದಿಂದ ತಂದನೆಂಬುದು ಹಳೆಯ ಪಠ್ಯಗಳ ಉತ್ತರ. ನನಗೆ ಇದು ಸಾಲದು. ಆ ಕಾಲದಲ್ಲಿ ‘ಪೆರ್ಸೋನಾ’ ಪಾಠಶಾಲೆಯ ಪದವೂ ಆಗಿತ್ತು. ಕ್ರಿಯಾಪದಗಳ ಮೂರು ‘ಪುರುಷ’ಗಳನ್ನು ಗ್ರೀಕ್ ವ್ಯಾಕರಣಕಾರರು ‘ಪ್ರೊಸೋಪೊನ್’, ಅಂದರೆ ಮುಖ, ಎಂದು ಕರೆದಿದ್ದರು. ರೋಮಿನ ವಾರ್ರೋ ಅವನ್ನು ಮಾತನಾಡುವವನು, ಯಾರಿಗೆ ಮಾತನಾಡುವನೋ ಅವನು, ಯಾರ ಕುರಿತು ಮಾತನಾಡುವನೋ ಅವನು ಎಂದು ವಿಂಗಡಿಸಿದ್ದನು. ಹೋಮರನನ್ನೋ ನಾಟಕವನ್ನೋ ಓದುವ ಬಾಲಕನಿಗೆ ಗುರುಗಳು ಕೇಳುತ್ತಿದ್ದ ಪ್ರಶ್ನೆ ‘ಈ ಸಾಲು ಯಾರ ಬಾಯಿಂದ ಬಂದದ್ದು, ಯಾರನ್ನು ಕುರಿತದ್ದು?’ ಎಂಬುದೇ. ಆದಿ ಕ್ರೈಸ್ತರು ಕೀರ್ತನೆಗಳನ್ನೂ ಪ್ರವಾದಿಗಳನ್ನೂ ಓದಿದ್ದು ಇದೇ ಪ್ರಶ್ನೆಯೊಂದಿಗೆ. ಕೀರ್ತನೆ 110ರ ಮೊದಲ ಸಾಲಿನಲ್ಲಿ ಒಬ್ಬ ಪ್ರಭು ಇನ್ನೊಬ್ಬ ಪ್ರಭುವಿಗೆ ಮಾತನಾಡುತ್ತಾರೆ, ಅವರು ಯಾರು? ಆದಿಕಾಂಡ 1:26ರಲ್ಲಿ ದೇವರು ಬಹುವಚನದಲ್ಲಿ ಮಾತನಾಡುವುದು ಯಾರೊಡನೆ? ಸುಮಾರು 213ರಲ್ಲಿ ಪ್ರಾಕ್ಸೆಯಸನ ವಿರುದ್ಧ ಬರೆದ ಗ್ರಂಥದ 11ನೆಯ ಅಧ್ಯಾಯದಲ್ಲಿ ತೆರ್ತುಲಿಯನ್ ಇಂಥ ವಚನಗಳನ್ನು ಪಟ್ಟಿಮಾಡಿ, ನುಡಿಯುವವರು ಪವಿತ್ರಾತ್ಮರು, ಯಾರಿಗೆ ನುಡಿಯಲಾಗುತ್ತದೆಯೋ ಅವರು ಪಿತ, ಯಾರ ಕುರಿತು ನುಡಿಯಲಾಗುತ್ತದೆಯೋ ಅವರು ಪುತ್ರ ಎಂದು ವಿವರಿಸುತ್ತಾನೆ. ವಾರ್ರೋನ ವ್ಯಾಕರಣದ ಮೂರು ಸ್ಥಾನಗಳು ಅಲ್ಲಿ ಹಾಗೆಯೇ ಇವೆ. 1961ರಲ್ಲಿ ಜರ್ಮನ್ ವಿದ್ವಾಂಸ ಕಾರ್ಲ್ ಆಂಡ್ರೆಸೆನ್ ಈ ಸಂಬಂಧವನ್ನು ವಿಸ್ತಾರವಾಗಿ ತೋರಿಸಿದರು. ಜೋಸೆಫ್ ರಾಟ್ಸಿಂಗರ್ ಅದನ್ನಾಧರಿಸಿ ದೈವಶಾಸ್ತ್ರದಲ್ಲಿ ‘ವ್ಯಕ್ತಿ’ಯ ಕಲ್ಪನೆಯನ್ನು ವಿವೇಚಿಸಿದರು. ನಟನೊಬ್ಬನೇ ಮುಖವಾಡ ಬದಲಿಸುತ್ತಾ ಹೋಗುವುದು ಬೇರೆ, ಒಬ್ಬರು ಇನ್ನೊಬ್ಬರಿಗೆ ನಿಜವಾಗಿ ಮಾತನಾಡುವುದು ಬೇರೆ. ತೆರ್ತುಲಿಯನ್ ಹಿಡಿದದ್ದು ಎರಡನೆಯದನ್ನು.

ಪೂರ್ವದಲ್ಲಿ ಕಥೆ ಹೆಚ್ಚು ಸಿಕ್ಕಾಯಿತು. ಗ್ರೀಕರಿಗೆ ‘ಪ್ರೊಸೋಪೊನ್’ ತೀರಾ ತೆಳುವಾಗಿ ಕಂಡಿತು. ಅವರು ‘ಹಿಪೋಸ್ತಾಸಿಸ್’ ಎಂದರು. ಅದನ್ನು ಅಕ್ಷರಶಃ ಲತೀನಿಗೆ ತಂದರೆ ‘ಸುಬ್‌ಸ್ತಾನ್ಸಿಯಾ’ ಆಗುತ್ತದೆ. ಲತೀನರಾದರೋ ದೇವರಲ್ಲಿ ಇರುವುದು ಒಂದೇ ‘ಸುಬ್‌ಸ್ತಾನ್ಸಿಯಾ’ ಎನ್ನುತ್ತಿದ್ದರು! ಸುಮಾರು 376ರಲ್ಲಿ ಸಿರಿಯಾದ ಮರುಭೂಮಿಯಲ್ಲಿದ್ದ ಸಂತ ಜೆರೋಮರು ಮೂರು ಹಿಪೋಸ್ತಾಸಿಸ್‌ಗಳನ್ನು ಒಪ್ಪಬೇಕೆಂಬ ಒತ್ತಾಯ ಬಂದಾಗ ಗಾಬರಿಯಿಂದ ಪೋಪ್ ದಮಾಸುಸರಿಗೆ ಪತ್ರ ಬರೆದರು. ಇದಕ್ಕೂ ಮೊದಲೇ, 362ರ ಅಲೆಕ್ಸಾಂದ್ರಿಯದ ಸಭೆಯಲ್ಲಿ, ಸಂತ ಅಥನಾಸಿಯುಸರು ಮಾಡಿದ ಕೆಲಸವನ್ನು ನಾನು ಚರಿತ್ರೆಯ ದೊಡ್ಡ ಪಾಲನಾಕಾರ್ಯಗಳಲ್ಲಿ ಎಣಿಸುತ್ತೇನೆ. ‘ಮೂರು ಹಿಪೋಸ್ತಾಸಿಸ್’ ಎನ್ನುವವರನ್ನೂ ‘ಒಂದೇ ಹಿಪೋಸ್ತಾಸಿಸ್’ ಎನ್ನುವವರನ್ನೂ ಕೂರಿಸಿ, ಆ ಪದದಿಂದ ನೀವು ಹೇಳಬಯಸುವುದೇನೆಂದು ವಿಚಾರಿಸಲಾಯಿತು. ಇಬ್ಬರ ವಿಶ್ವಾಸವೂ ಒಂದೇ, ಬಳಕೆ ಮಾತ್ರ ಬೇರೆ ಎಂದು ಗೊತ್ತಾಯಿತು. ಕಪ್ಪದೋಸಿಯದ ಪಿತೃಗಳು ಮುಂದೆ ಪದಗಳನ್ನು ಹದಗೊಳಿಸಿದರು. 451ರ ಕಲ್ಸೆದೋನ್ ಮಹಾಸಭೆ ಪ್ರೊಸೋಪೊನ್ ಮತ್ತು ಹಿಪೋಸ್ತಾಸಿಸ್ ಎರಡನ್ನೂ ಒಟ್ಟಿಗೆ ಕ್ರಿಸ್ತರಿಗೆ ಅನ್ವಯಿಸಿತು. ಸಂತ ಅಗುಸ್ತೀನರಂತೂ, ಈ ಪದವನ್ನು ಬಳಸುವುದು ಸತ್ಯವನ್ನು ಪೂರ್ತಿ ಹೇಳಿಬಿಟ್ಟೆವೆಂದಲ್ಲ, ಸುಮ್ಮನಿರಬಾರದೆಂದು ಮಾತ್ರ ಎಂದು ಒಪ್ಪಿಕೊಂಡಿದ್ದಾರೆ.

ಆರನೆಯ ಶತಮಾನದ ಆರಂಭದಲ್ಲಿ ಬೊಯೇಥಿಯುಸನು ವಿವೇಕವುಳ್ಳ ಸ್ವಭಾವದ ಬಿಡಿ ಅಸ್ತಿತ್ವವೇ ‘ಪೆರ್ಸೋನಾ’ ಎಂದು ವ್ಯಾಖ್ಯಾನಿಸಿದ್ದು ನಮಗೆಲ್ಲ ಬಾಯಿಪಾಠ. ಸಂಬಂಧವು ಹಿಂದೆ ಸರಿದು ‘ಬಿಡಿತನ’ ಮುಂದೆ ಬಂದದ್ದು ಇಲ್ಲಿಂದ. ಸಂತ ವಿಕ್ಟರ್ ಮಠದ ರಿಚರ್ಡ್ ಇದನ್ನು ತಿದ್ದಲು ಯತ್ನಿಸಿದನು. ಸಂತ ಥಾಮಸ್ ಅಕ್ವಿನಾಸರು ದೇವರಲ್ಲಿ ವ್ಯಕ್ತಿಯೆಂದರೆ ಸ್ವತಃ ನೆಲೆನಿಂತ ಸಂಬಂಧವೇ ಎಂದರು. ಆದರೂ ಪಾಶ್ಚಾತ್ಯ ಚಿಂತನೆಯಲ್ಲಿ ಹೆಚ್ಚು ಬೇರುಬಿಟ್ಟದ್ದು ಬೊಯೇಥಿಯುಸನ ಮಾತೇ.

ಕಾನೂನಿನ ಕವಲು ಬೇರೊಂದು ದಾರಿ ಹಿಡಿಯಿತು. ಗಾಯುಸನು ಕಾನೂನನ್ನು ವ್ಯಕ್ತಿಗಳು, ವಸ್ತುಗಳು, ವ್ಯಾಜ್ಯಗಳು ಎಂದು ಮೂರಾಗಿ ವಿಂಗಡಿಸಿದ್ದನು. ಅವನ ಗ್ರಂಥದಲ್ಲಿ ಗುಲಾಮನು ವ್ಯಕ್ತಿಗಳ ಭಾಗದಲ್ಲೂ ಬರುತ್ತಾನೆ, ಕೊಂಡು ಮಾರುವ ಸ್ವತ್ತಿನ ಭಾಗದಲ್ಲೂ ಬರುತ್ತಾನೆ. 1245ರ ಲಿಯೋನ್ ಮಹಾಸಭೆ ಇಡೀ ಸಂಸ್ಥೆಯೊಂದನ್ನು ಬಹಿಷ್ಕರಿಸಬಾರದೆಂದು ವಿಧಿಸಿತು, ನಿರಪರಾಧಿಗಳು ಅದರಲ್ಲಿ ಸಿಲುಕಬಾರದೆಂದು. ಆಗ ಪೋಪರಾಗಿದ್ದ ನಾಲ್ಕನೆಯ ಇನ್ನೊಸೆಂಟ್ ಸ್ವತಃ ಧರ್ಮಸಭಾ ಕಾನೂನಿನ ಪಂಡಿತರು. ಅಂಥ ಸಂಘವನ್ನು ಒಬ್ಬ ವ್ಯಕ್ತಿಯೆಂಬಂತೆ ಕಲ್ಪಿಸಿಕೊಳ್ಳಲಾಗುತ್ತದೆ ಎಂದು ತಮ್ಮ ವ್ಯಾಖ್ಯಾನದಲ್ಲಿ ಬರೆದರು. ಇಂದಿನ ಕಂಪನಿ ಕಾನೂನಿನ ಪೂರ್ವಜರಲ್ಲಿ ಒಬ್ಬ ಪೋಪರೂ ಇದ್ದಾರೆ! ಇಂಗ್ಲೆಂಡಿನಲ್ಲಿ ಅದೇ ‘ಪೆರ್ಸೋನಾ’ ಉಚ್ಚಾರ ಬದಲಿಸಿ ‘ಪಾರ್ಸನ್’ ಆಯಿತು, ಅಂದರೆ ಹಳ್ಳಿಯ ಪಾದ್ರಿ. ಕಣ್ಣಿಗೆ ಕಾಣದ ಚರ್ಚ್ ಎಂಬ ಸಂಸ್ಥೆಯನ್ನು ಅವನು ಪ್ರತಿನಿಧಿಸುವುದರಿಂದ ಈ ಹೆಸರು ಬಂತೆಂದು 1765ರಲ್ಲಿ ಬ್ಲ್ಯಾಕ್‌ಸ್ಟೋನ್ ಬರೆದನು.

ಆ ಪರಂಪರೆ ಆಂಗ್ಲರ ಮೂಲಕ ನಮ್ಮ ನ್ಯಾಯಾಲಯಗಳಿಗೂ ಬಂದಿದೆ. 1897ರ ಜನರಲ್ ಕ್ಲಾಸಸ್ ಆ್ಯಕ್ಟ್ ಕಂಪನಿಯನ್ನೂ ‘ಪರ್ಸನ್’ ಎನ್ನುತ್ತದೆ. 1925ರಲ್ಲಿ ಪ್ರಿವಿ ಕೌನ್ಸಿಲ್ ದೇವತಾಮೂರ್ತಿಯನ್ನು ಕಾನೂನಾತ್ಮಕ ವ್ಯಕ್ತಿಯೆಂದು ಒಪ್ಪಿತು. 2017ರಲ್ಲಿ ಉತ್ತರಾಖಂಡ ಹೈಕೋರ್ಟ್ ಗಂಗಾ, ಯಮುನಾ ನದಿಗಳಿಗೆ ಆ ಸ್ಥಾನ ಕೊಟ್ಟಾಗ ಸುಪ್ರೀಂ ಕೋರ್ಟ್ ಅದೇ ವರ್ಷ ತಡೆ ನೀಡಿತು. ನಮ್ಮ ಧರ್ಮಕೇಂದ್ರವೂ 1983ರ ಸಂಹಿತೆಯ 515ನೆಯ ನಿಯಮದಂತೆ ಕಾನೂನಾತ್ಮಕ ವ್ಯಕ್ತಿಯೇ. ಇಲ್ಲೆಲ್ಲ ಈ ಪದಕ್ಕೆ ಮನಸ್ಸು, ಪ್ರಜ್ಞೆಗಳ ಗೊಡವೆಯಿಲ್ಲ. ಹಕ್ಕು-ಬಾಧ್ಯತೆಗಳನ್ನು ಹೊರುವ ಒಂದು ಹೆಸರು ಸಾಕು. ಆದರೆ ಸಂವಿಧಾನದ 21ನೆಯ ವಿಧಿ ‘ನಾಗರಿಕ’ ಎನ್ನದೆ ‘ವ್ಯಕ್ತಿ’ ಎಂದಿರುವುದರಿಂದಲೇ ಈ ನೆಲದಲ್ಲಿರುವ ಪರದೇಶಿಯ ಜೀವಕ್ಕೂ ರಕ್ಷಣೆಯಿದೆ. ಪದವೊಂದರ ಆಯ್ಕೆ ಕೆಲವೊಮ್ಮೆ ಇಷ್ಟು ಭಾರ ಹೊರುತ್ತದೆ.

ಹದಿನೇಳನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ತತ್ವಶಾಸ್ತ್ರದ ಅರ್ಥವು ದೈವಶಾಸ್ತ್ರದೊಳಗೆ ನುಗ್ಗಿತು. 1690ರಲ್ಲಿ ಆಂಗ್ಲಿಕನ್ ಪಾದ್ರಿ ವಿಲಿಯಂ ಶೆರ್ಲಾಕ್ ತ್ರಿತ್ವವನ್ನು ಸಮರ್ಥಿಸಲು ಹೊರಟು, ಪ್ರತಿ ದೈವಿಕ ವ್ಯಕ್ತಿಗೂ ತನ್ನದೇ ಆತ್ಮಪ್ರಜ್ಞೆಯಿದೆ ಎಂದನು. ಮೂರು ಪ್ರಜ್ಞೆಗಳಿದ್ದರೆ ಮೂರು ದೇವರುಗಳಾಗಲಿಲ್ಲವೇ ಎಂದು ರಾಬರ್ಟ್ ಸೌತ್ ಅವನ ಮೇಲೆ ಬಿದ್ದನು. ಜಾನ್ ಲಾಕ್ 1694ರಲ್ಲಿ ತನ್ನ ಪ್ರಬಂಧದ ಎರಡನೆಯ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ, ಯೋಚಿಸಿ ತನ್ನನ್ನು ತಾನೆಂದು ಅರಿಯುವುದೇ ‘ಪರ್ಸನ್’ ಎಂದನು. ಈ ವ್ಯಾಖ್ಯಾನ ಗೆದ್ದುಬಿಟ್ಟಿತು. ಇದರ ಕವಲಿನಲ್ಲೇ ಪೀಟರ್ ಸಿಂಗರರಂಥವರು ಗರ್ಭಸ್ಥ ಶಿಶು ಮಾನವಜೀವಿಯಾದರೂ ‘ವ್ಯಕ್ತಿ’ ಅಲ್ಲ ಎನ್ನುವುದು. 1987ರ ‘ದೋನುಮ್ ವಿತೇ’ ಎದುರಿಸಿದ್ದು ಈ ಬೇರ್ಪಡೆಯನ್ನೇ. ವೈದ್ಯರೊಡನೆ ಚರ್ಚಿಸುವ ಯಾಜಕನು ಪದ ಒಂದೇ ಇದೆಯೆಂದು ಅರ್ಥವೂ ಒಂದೇ ಇದೆಯೆಂದುಕೊಂಡರೆ ವಾದವನ್ನು ಆರಂಭಕ್ಕೆ ಮುಂಚೆಯೇ ಸೋತಂತೆ.

ಈ ಕಾರಣದಿಂದಲೇ ಕಾರ್ಲ್ ಬಾರ್ತ್ ‘ಇರುವಿಕೆಯ ರೀತಿ’ ಎಂದೂ ಕಾರ್ಲ್ ರಾನರ್ ‘ನೆಲೆನಿಲ್ಲುವ ಭಿನ್ನ ರೀತಿ’ ಎಂದೂ ಹೇಳಬಯಸಿದರು. ಅವರ ಭಯ ನ್ಯಾಯವಾದದ್ದು. ಮದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ. ‘ರೀತಿ’ಗೆ ಯಾರೂ ಪ್ರಾರ್ಥನೆ ಮಾಡಲಾರರು.

ಕನ್ನಡದಲ್ಲಿ ನಮ್ಮ ಸಮಸ್ಯೆ ಇಮ್ಮಡಿಯಾಗಿದೆ. ‘ವ್ಯಕ್ತಿ’ ಎಂದರೆ ಮೂಲತಃ ತೋರಿಬರುವಿಕೆ. ‘ವ್ಯಕ್ತವಾಯಿತು’ ಎನ್ನುವಾಗ ಇಂದಿಗೂ ಆ ಅರ್ಥ ಜೀವಂತ. ಪಾಣಿನಿಯ ಸೂತ್ರವೊಂದರಲ್ಲಂತೂ ಅದು ಲಿಂಗವನ್ನು ಸೂಚಿಸುವ ಪದ. ಈ ಮೂಲಾರ್ಥ ಹಿಡಿದರೆ ದೇವರ ಮೂರು ತೋರಿಕೆಗಳೆಂಬ ಸಬೆಲ್ಲಿಯುಸನ ತಪ್ಪಿನ ಕಡೆಗೆ ವಾಲುತ್ತೇವೆ. ಇಂದಿನ ಬಳಕೆ ಹಿಡಿದರೆ, ಇಂಗ್ಲಿಷಿನ ‘ಇಂಡಿವಿಜುವಲ್’ಗೂ ನಮ್ಮಲ್ಲಿ ‘ವ್ಯಕ್ತಿ’ಯೇ ಆಗಿರುವುದರಿಂದ, ಶೆರ್ಲಾಕನ ಹಳ್ಳಕ್ಕೆ ಬೀಳುತ್ತೇವೆ. ಹಾಗೆಂದು ಪದ ಬದಲಿಸಬೇಕಿಲ್ಲ. ನಮ್ಮ ಶಾಲಾ ವ್ಯಾಕರಣದಲ್ಲೇ ಉತ್ತಮ, ಮಧ್ಯಮ, ಪ್ರಥಮ ಪುರುಷಗಳಿವೆ. ಅಲ್ಲಿ ಪುರುಷವೆಂದರೆ ಬಿಡಿ ಮನುಷ್ಯನಲ್ಲ, ಮಾತಿನಲ್ಲಿ ಒಂದು ಸ್ಥಾನ. ‘ನಾನು’ ಎಂಬುದಕ್ಕೆ ‘ನೀನು’ ಎದುರಿಲ್ಲದೆ ಅರ್ಥವಿಲ್ಲ. ತೆರ್ತುಲಿಯನ್ ಆರಂಭಿಸಿದ್ದು ಅಲ್ಲಿಂದಲೇ.

ಆದ್ದರಿಂದ ತ್ರಿತ್ವದ ಪಾಠವನ್ನು ಬೊಯೇಥಿಯುಸನಿಂದ ತೊಡಗದೆ, ಯೊರ್ದಾನಿನ ದೀಕ್ಷಾಸ್ನಾನದಿಂದ ತೊಡಗುವುದು ಮೇಲೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಮಾರ್ಕ ಮತ್ತು ಲೂಕರಲ್ಲಿ ಪಿತನ ಧ್ವನಿ ಯೇಸುವನ್ನು ಮಧ್ಯಮ ಪುರುಷದಲ್ಲಿ ಸಂಬೋಧಿಸುತ್ತದೆ. ಮತ್ತಾಯನಲ್ಲಿ ನೆರೆದವರಿಗೆ ಅವರನ್ನು ಪ್ರಥಮ ಪುರುಷದಲ್ಲಿ ತೋರಿಸುತ್ತದೆ. ಯೊವಾನ್ನನ 17ನೆಯ ಅಧ್ಯಾಯದಲ್ಲಿ ಪುತ್ರನು ಪಿತನಿಗೆ ಮಾತನಾಡುತ್ತಾರೆ. ಪವಿತ್ರಾತ್ಮರು ಯೊರ್ದಾನಿನಲ್ಲಿ ಮೌನವಾಗಿ ಇಳಿದುಬರುತ್ತಾರೆ. ಅವರ ಧ್ವನಿ ಕೇಳಿಸುವುದು ಗಲಾತ್ಯರಿಗೆ ಬರೆದ ಪತ್ರದ 4:6ರಲ್ಲಿ, ನಮ್ಮ ಹೃದಯಗಳೊಳಗಿಂದ, ತಂದೆಯನ್ನು ಕೂಗಿ ಕರೆಯುವಾಗ.