ಮ್ಯಾಳಗಿ ಮ್ಯಾಲಿನ ಹಕ್ಕಿ: ಆಗ, ಈಗ

ನನ್ನ ತವರುಮನಿ ಸವದತ್ತಿ ಕಡೆ ಹಳ್ಳ್ಯಾಗ. ಮಣ್ಣಿನ ಮ್ಯಾಳಗಿ, ನಡುವ ಬೆಳಕಿಂಡಿ. ಸುಗ್ಗಿಯೊಳಗ ಜ್ವಾಳ, ಬ್ಯಾಸಗಿಯೊಳಗ ಸಂಡಿಗಿ, ಶ್ಯಾವಿಗಿ ಎಲ್ಲಾ ಅಲ್ಲೇ ಒಣಗತಿದ್ವು. 1980ರ ಸುಮಾರಿಗೆ ಹಕ್ಕಿ ಕಾಯೋದು ನಮ್ಮಂಥ ಹುಡುಗೂರ ಕೆಲಸ. ಹೊಲದಾಗ ಕವಣಿ ಕಲ್ಲು. ಮನಿ ಮ್ಯಾಲ ಒಂದ ಕೋಲು, ಬಾಯಿ ತುಂಬ ಕೂಗು. ಗುಬ್ಬಿ ಬರತಿದ್ದದ್ದು ಕಾಳಿಗೆ. ಕಾಳು ಹಗೇವಿಗೆ ಇಳದ್ರ ಅವೂ ಹೋಗತಿದ್ವು. "ಒಂದ ಹಿಡಿ ತಿನ್ನಲಿ ಬಿಡ" ಅಂತಿದ್ಲು ನಮ್ಮಜ್ಜಿ.

ಈಗ ಬೈಲಹೊಂಗಲದಾಗ ನಮ್ಮದು ಸ್ಲ್ಯಾಬಿನ ಮನಿ. 2024ರ ಫೆಬ್ರುವರಿಯೊಳಗ ಕೇಂದ್ರದ ಸೂರ್ಯಘರ್ ಯೋಜನೆ ಬಂತಲ್ಲ, ಆಮ್ಯಾಲ ನಾವೂ ಸೋಲಾರ್ ಹಾಕಿಸಿದ್ವಿ. ಬಂದದ್ದು ಪಾರಿವಾಳ. ಅವು ಮೂಲದಾಗ ಕಲ್ಲಗುಡ್ಡದ ಸಂದಿಯೊಳಗ ಗೂಡು ಕಟ್ಟೋ ಜಾತಿ. ಪ್ಯಾನೆಲ್ ಕೆಳಗಿನ ನೆರಳು ಅವಕ್ಕ ಅಂಥಾದ್ದ. ಕಾಳಿಗಲ್ಲ, ಮನಿ ಮಾಡಾಕ ಬಂದವು. ಕೋಲಿಗೆ ಎಲ್ಲಿ ಹೆದರತಾವ? ಹಳೇ ಸಿಡಿ ಕಟ್ಟಿದೆ, ನಾಕ ದಿನಕ್ಕ ರೂಢಿಯಾತು. ಹಿಕ್ಕಿ ಒಂದ ಮೂಲ್ಯಾಗ ಗಟ್ಟಿಯಾಗಿ ಕೂತ್ರೂ ಆ ಸಾಲಿನ ಕರೆಂಟು ತಗ್ಗತೈತಿ.

ಕಡೀಕ ಸುತ್ತಲೂ ತಂತಿ ಜಾಳಿಗಿ ಬಡಿಸೋದು ಅಂತಾತು. ಹುಡುಗ ಬಂದು ಟಾರ್ಚ್ ಹಾಕಿದ್ರ ಒಳಗ ಎರಡು ತತ್ತಿ.

"ತಗದ ಒಗೀಲೇನ್ರೀ ಅಕ್ಕಾರ?"

ಬ್ಯಾಡ ಅಂದೆ. ತತ್ತಿ ಒಡಿಯಾಕ 18 ದಿನ, ರೆಕ್ಕಿ ಬಲಿಯಾಕ ಮತ್ತೊಂದು ತಿಂಗಳ ಮ್ಯಾಲ. ಮನಿಯವ್ರು ಬಿಲ್ಲು ತೋರಿಸಿ ಬೈದ್ರು. ಮರಿ ಹಾರಿದ ಮರುದಿನ ಜಾಳಿಗಿ ಬಡಿಸಿದೆ.