ಕಾಲೇಜಿನ ಜೊತೆ ಪಾರ್ಟ್ ಟೈಮ್ ಕೆಲಸ: ಸಂಬಳ ಕೇಳುವ ಮೊದಲು ಹಾಜರಾತಿ ಲೆಕ್ಕ ಹಾಕಿ

ಹಾಸನ: ಕಾಲೇಜು ಶುರುವಾಗುವ ಹೊತ್ತಿಗೆ ತಾಲ್ಲೂಕು ಕೇಂದ್ರಗಳ ಬಟ್ಟೆ ಅಂಗಡಿ, ಮೆಡಿಕಲ್, ಬೇಕರಿ, ಮೊಬೈಲ್ ಶಾಪ್‌ಗಳ ಮುಂದೆ ‘ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ’ ಎಂಬ ಚೀಟಿಗಳು ಕಾಣುತ್ತವೆ. ಫೀಸು, ಪುಸ್ತಕ, ಮೊಬೈಲ್ ರೀಚಾರ್ಜ್‌ಗೆ ಮನೆಯವರನ್ನೇ ಕೇಳೋಕೆ ಮುಜುಗರಪಡುವ ಮಕ್ಕಳು ಎರಡು ಮೂರು ಕಡೆ ವಿಚಾರಿಸುತ್ತಾರೆ. ಕೊನೆಗೆ ಯಾರು ನೂರಿನ್ನೂರು ಜಾಸ್ತಿ ಹೇಳಿದರೋ ಅಲ್ಲಿಗೆ ಸೇರಿಬಿಡುತ್ತಾರೆ. ಮೊದಲು ನೋಡಬೇಕಾದ ಕಾಲೇಜಿನ ಟೈಮ್ ಟೇಬಲ್ ಬ್ಯಾಗಿನಲ್ಲೇ ಉಳಿಯುತ್ತದೆ.

ಸಂತೆ ದಿನದ ಲೆಕ್ಕ

ಡಿಗ್ರಿಯಲ್ಲಿ ಪರೀಕ್ಷೆ ಬರೆಯಲು ಶೇ 75 ಹಾಜರಾತಿ ಬೇಕು. ಅದೂ ಒಂದೊಂದು ವಿಷಯಕ್ಕೂ ಬೇರೆ ಬೇರೆ. ವಾರಕ್ಕೆ 4 ತರಗತಿ ಇರುವ ವಿಷಯ ಅಂದುಕೊಳ್ಳಿ. 16 ವಾರಕ್ಕೆ 64 ತರಗತಿ ಆಗುತ್ತದೆ, ಅದರಲ್ಲಿ ತಪ್ಪಿಸಿಕೊಳ್ಳಬಹುದಾದದ್ದು 16 ಮಾತ್ರ. ‘ಸಂತೆ ದಿನ ಒಂದಿನ ಬಂದ್ರೆ ಸಾಕು’ ಅಂತ ಅಂಗಡಿಯವರು ಹೇಳಿದಾಗ ಹಗುರವಾದ ಕೆಲಸ ಅನ್ನಿಸುತ್ತದೆ. ಆದರೆ ವಾರಕ್ಕೊಂದರಂತೆ ಆ ದಿನದ ತರಗತಿ ತಪ್ಪುತ್ತಾ ಹೋದರೆ ಸೆಮಿಸ್ಟರ್ ಮುಗಿಯುವಾಗ ಸರಿಯಾಗಿ 16 ಖಾಲಿ. ಆಮೇಲೆ ಎರಡು ದಿನ ಜ್ವರ ಬಂದರೂ, ಮನೆಯಲ್ಲೊಂದು ಮದುವೆ ಇದ್ದರೂ ಶಾರ್ಟೇಜ್. ಬಡತನದಿಂದ ಕೆಲಸಕ್ಕೆ ಹೋಗಿದ್ದೆ ಎಂಬ ಕಾರಣ ಹಾಲ್ ಟಿಕೆಟ್ ಕೊಡಿಸುವುದಿಲ್ಲ. ಹಾಗಾಗಿ ಸಂತೆ ದಿನದ ಕೆಲಸ ಒಪ್ಪಿಕೊಳ್ಳುವುದಾದರೆ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಬರುತ್ತೇನೆ ಅಂತ ಮೊದಲೇ ಹೇಳಿಬಿಡಬೇಕು.

ತಿಂಗಳ ಸಂಬಳ ಬೇರೆ, ಗಂಟೆಗೆ ಬೀಳೋದು ಬೇರೆ

ಉದಾಹರಣೆಗೆ, ಅಂಗಡಿಯಲ್ಲಿ ಸಂಜೆ 4 ಗಂಟೆ ಕೆಲಸ, ತಿಂಗಳಿಗೆ 26 ದಿನ, ಸಂಬಳ 6,000 ರೂಪಾಯಿ. ಒಟ್ಟು 104 ಗಂಟೆ, ಅಂದರೆ ಗಂಟೆಗೆ 58 ರೂಪಾಯಿ ಹತ್ತಿರ. ಬಸ್ಸು, ಟೀಗೆ ದಿನಕ್ಕೆ 30 ರೂಪಾಯಿ ಹೋದರೆ ಉಳಿಯೋದು ಗಂಟೆಗೆ ಸುಮಾರು 50. ಅದೇ ಊರಿನಲ್ಲಿ 4 ಮಕ್ಕಳಿಗೆ ದಿನಕ್ಕೊಂದು ಗಂಟೆ ಮನೆಪಾಠ ಹೇಳಿ ತಲಾ 600 ರೂಪಾಯಿ ತಗೊಂಡರೆ 24 ದಿನಕ್ಕೆ 2,400 ರೂಪಾಯಿ, ಗಂಟೆಗೆ 100 ಬಿತ್ತು. ಕೈಗೆ ಬರುವ ಮೊತ್ತ ಕಡಿಮೆ, ನಿಜ. ಮನೆ ನಡೆಯಬೇಕಾದವರಿಗೆ ಅಂಗಡಿ ಕೆಲಸವೇ ಅನಿವಾರ್ಯ ಇರಬಹುದು. ಕೈಖರ್ಚಿಗೆ ಮಾತ್ರ ದುಡಿಯೋರು ಮೊದಲ ಸೆಮಿಸ್ಟರ್‌ನಲ್ಲಿ ಸಣ್ಣ ಕೆಲಸವನ್ನೇ ಹಿಡಿಯುವುದು ಮೇಲು. ಕಾಲೇಜಿನ ಪಾಠ, ಇಂಟರ್ನಲ್ಸ್ ಹೇಗಿರುತ್ತೆ ಅಂತ ಗೊತ್ತಾದ ಮೇಲೆ ಗಂಟೆ ಹೆಚ್ಚಿಸಿಕೊಳ್ಳಬಹುದು.

ಸಕಲೇಶಪುರ, ಆಲೂರು ಕಡೆ ಕಾಫಿ ಕೊಯ್ಲಿನ ದಿನಗಳಲ್ಲಿ ಭಾನುವಾರ ತೋಟಕ್ಕೆ ಹೋದರೆ ತರಗತಿ ತಪ್ಪುವುದಿಲ್ಲ. ಮದುವೆ ಕೇಟರಿಂಗ್‌ನಲ್ಲಿ ಬಡಿಸುವ ಕೆಲಸಕ್ಕೆ ದುಡ್ಡು ಅವತ್ತೇ ಕೈಗೆ ಬರುತ್ತದೆ. ಆದರೆ ಆರತಕ್ಷತೆ ಮುಗಿದು ಪಾತ್ರೆ ಎತ್ತುವಾಗ ನಡುರಾತ್ರಿ, ಮರುದಿನ ಬೆಳಗಿನ ಮೊದಲ ಪೀರಿಯಡ್ ಹೋದಂತೆಯೇ.

ಬಸ್ಸಿನ ವಿಚಾರ ಹಲವರು ಮರೆಯುತ್ತಾರೆ. ವಿದ್ಯಾರ್ಥಿ ಪಾಸ್ ನಡೆಯೋದು ಮನೆಯಿಂದ ಕಾಲೇಜಿನ ದಾರಿಗೆ ಮಾತ್ರ. ಕೆಲಸದ ಜಾಗ ಬೇರೆ ರೂಟ್‌ನಲ್ಲಿದ್ದರೆ ಟಿಕೆಟ್ ತಗೋಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಆ ಖರ್ಚಿಲ್ಲ. ಆದರೆ ಹಳ್ಳಿಗೆ ಹೋಗುವ ಕೊನೆ ಬಸ್ಸು 8ಕ್ಕೆ ಇದ್ದು, ಅಂಗಡಿ ಬಾಗಿಲು ಹಾಕೋದು 9ಕ್ಕೆ ಅಂದರೆ ಫ್ರೀ ಬಸ್ ಇದ್ದೂ ಪ್ರಯೋಜನವಿಲ್ಲ.

ಅಂಗಡಿಯವರು ಗಮನಿಸಬೇಕಾದದ್ದು

ಪಿಯು ಮಕ್ಕಳು, ಡಿಗ್ರಿ ಮೊದಲ ವರ್ಷದ ಕೆಲವರು ಇನ್ನೂ 18 ತುಂಬಿದವರಲ್ಲ. ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆ ಪ್ರಕಾರ 14ರಿಂದ 18 ವರ್ಷದೊಳಗಿನವರನ್ನು ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಬಿಡುವಿನ ಸಮಯವೂ ಸೇರಿ ದಿನಕ್ಕೆ 6 ಗಂಟೆ ಮೀರುವಂತಿಲ್ಲ, ಓವರ್‌ಟೈಮ್ ಇಲ್ಲ, ವಾರಕ್ಕೊಂದು ಪೂರ್ತಿ ರಜೆ ಕೊಡಬೇಕು. ‘ಅವರಪ್ಪನೇ ತಂದು ಬಿಟ್ಟಿದ್ದು’ ಅಂದರೆ ನಡೆಯಲ್ಲ. ಸೇರಿಸಿಕೊಳ್ಳುವಾಗಲೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಟ್ಟಿದ ದಿನಾಂಕ ನೋಡಿಕೊಳ್ಳುವುದು ಕ್ಷೇಮ.

‘ಗಾಡಿ ತಗೊಂಡು ಹೋಗಿ ಪಾರ್ಸೆಲ್ ಕೊಟ್ಟು ಬಾ’ ಅನ್ನೋದು ಇನ್ನೂ ಅಪಾಯ. 2019ರ ಮೋಟಾರು ವಾಹನ ತಿದ್ದುಪಡಿ ನಂತರ, ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಗಾಡಿ ಮಾಲೀಕರಿಗೆ ಅಥವಾ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಸ್ಕೂಟರ್ ಅಂಗಡಿಯವರದಾದರೆ ತಲೆಗೆ ಬರೋದು ಅವರಿಗೇ.

ಮೊಬೈಲ್‌ಗೆ ಬರುವ ಕೆಲಸಗಳು

ಮನೆಯಲ್ಲೇ ಕೂತು ಡೇಟಾ ಎಂಟ್ರಿ, ವಿಡಿಯೋಗೆ ಲೈಕ್ ಒತ್ತಿದರೆ ದುಡ್ಡು ಎಂಬ ಮೆಸೇಜ್‌ಗಳಲ್ಲಿ ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೇ ಬರುತ್ತದೆ. ನಂಬಿಕೆ ಬಂದ ಮೇಲೆ ‘ಡೆಪಾಸಿಟ್ ಕಟ್ಟಿ’ ಅನ್ನುತ್ತಾರೆ. ಕೆಲಸ ಕೊಡೋರು ಮೊದಲೇ ದುಡ್ಡು ಕೇಳಿದರೆ ಅಲ್ಲಿಗೇ ಬಿಡಬೇಕು. ಇನ್ನೊಂದು ಬಗೆ, ಬ್ಯಾಂಕ್ ಖಾತೆ ಬಳಸಲು ಕೊಟ್ಟರೆ ಕಮಿಷನ್ ಕೊಡುತ್ತೇವೆ ಎನ್ನುವುದು. ಮೋಸದ ಹಣ ಆ ಖಾತೆಯಲ್ಲಿ ಓಡಾಡಿದರೆ ಪೊಲೀಸರು ಮೊದಲು ಹುಡುಕಿಕೊಂಡು ಬರೋದು ಖಾತೆದಾರರನ್ನೇ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಸೇರುವ ಮೊದಲೇ ಮಾಲೀಕರ ಹತ್ತಿರ ಪರೀಕ್ಷೆ ದಿನಗಳ ರಜೆ, ಸಂಬಳದ ತಾರೀಕು, ಹಬ್ಬದ ಸೀಸನ್‌ನಲ್ಲಿ ಎಷ್ಟು ಹೊತ್ತಿನವರೆಗೆ ನಿಲ್ಲಬೇಕು ಎಂಬುದನ್ನು ಮಾತಾಡಿಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್ ಹಾಕಿಸಿಕೊಳ್ಳಿ. ಸಂಬಳ ಖಾತೆಗೆ ಬಂದರೆ ಲೆಕ್ಕ ಉಳಿಯುತ್ತದೆ. ಕೊಡದೆ ಸತಾಯಿಸಿದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ದೂರು ಕೊಡುವಾಗ ಆ ಮೆಸೇಜು, ಪಾಸ್‌ಬುಕ್ ಎರಡನ್ನೂ ತೋರಿಸಬಹುದು.